ಲೆಕ್ಕ ಒಪ್ಪಿಸಲು ಹೊರಟವನು

ಎಂಬತ್ತು ದಾಟಿದ ಮುದುಕ ತನ್ನ ಬಾಳಿನ ಕಥೆ ಹೇಳಿದರೆ ಅದರಲ್ಲಿ ವಿಶೇಷವೇನೂ ಇಲ್ಲ. ಹೇಳದೆ ಸುಮ್ಮನಿದ್ದರೇ ವಿಶೇಷ. ಆದರೆ 26 ವರ್ಷದ ತರುಣನೊಬ್ಬ ಅಂಥ ಮುದುಕನ ದನಿಯಲ್ಲಿ ಮಾತಾಡಿದರೆ? ಇಟಲಿಯ ಕಾದಂಬರಿಕಾರ ಇಪ್ಪೊಲಿತೊ ನಿಯೇವೊ ಮಾಡಿದ್ದು ಅದನ್ನೇ.

ನಿಯೇವೊ ಹುಟ್ಟಿದ್ದು 1831ರಲ್ಲಿ, ಪಾದುವಾ ಪಟ್ಟಣದಲ್ಲಿ. ಆಗ ಆ ಸೀಮೆಯನ್ನು ಆಳುತ್ತಿದ್ದವರು ಆಸ್ಟ್ರಿಯದವರು. ಇಟಲಿ ಎಂಬ ರಾಜ್ಯವೇ ಇರಲಿಲ್ಲ. 1857ರ ಡಿಸೆಂಬರಿನಿಂದ 1858ರ ಆಗಸ್ಟ್‌ವರೆಗೆ ಕುಳಿತು ಆತ ತನ್ನ ದೊಡ್ಡ ಕಾದಂಬರಿಯನ್ನು ಬರೆದು ಮುಗಿಸಿದ. ಕಥೆ ಹೇಳುವವನು ಕಾರ್ಲೊ ಅಲ್ತೊವೀತಿ ಎಂಬ ವೃದ್ಧ. 1775ರಲ್ಲಿ ವೆನಿಸ್ ಗಣರಾಜ್ಯದ ಪ್ರಜೆಯಾಗಿ ಹುಟ್ಟಿ, ಅದು ಅಳಿದದ್ದನ್ನು ಕಂಡು, ಕೊನೆಗೆ ತಾನು ಇಟಲಿಯವನೆಂದು ಹೇಳಿಕೊಳ್ಳಲು ಕಲಿತವನು.

ನನಗೆ ಆ ಪುಸ್ತಕದ ರಾಜಕಾರಣಕ್ಕಿಂತ ಫ್ರಾತ್ತಾ ಕೋಟೆಯ ಅಡುಗೆಮನೆಯೇ ಹೆಚ್ಚು ಪ್ರಿಯ. ಹೊಗೆ ಹಿಡಿದು ಕಪ್ಪಾದ ಆ ವಿಶಾಲವಾದ ಕೋಣೆಯಲ್ಲಿ, ಯಾರಿಗೂ ಬೇಡವಾದ ಹುಡುಗ ಕಾರ್ಲೊ ಬೆಂಕಿಯ ಮುಂದೆ ಕುಳಿತು ಮಾಂಸ ಸುಡುವ ಸರಳನ್ನು ತಿರುಗಿಸುತ್ತಾನೆ. ಅವನ ಬಾಲ್ಯದ ಗೆಳತಿ ಪಿಸಾನಾ ಹಟಮಾರಿ, ಚಂಚಲೆ. ಅವನನ್ನು ಗೋಳಾಡಿಸಿದ ಅವಳೇ ಮುಂದೆ ಕಣ್ಣು ಕಳೆದುಕೊಂಡ ಅವನಿಗಾಗಿ ಲಂಡನ್ನಿನ ಬೀದಿಗಳಲ್ಲಿ ಭಿಕ್ಷೆ ಬೇಡುತ್ತಾಳೆ. ಈ ಕ್ಷಮೆ, ಈ ತಾಳ್ಮೆ ಆ ತರುಣನಿಗೆ ಎಲ್ಲಿಂದ ಬಂತೋ!

ಹಸ್ತಪ್ರತಿಗೆ ಪ್ರಕಾಶಕರು ಸಿಗಲಿಲ್ಲ. 1860ರ ಮೇ ತಿಂಗಳಲ್ಲಿ ನಿಯೇವೊ ಗರಿಬಾಲ್ಡಿಯ 'ಸಾವಿರ ಮಂದಿ'ಯೊಡನೆ ಹಡಗು ಹತ್ತಿ ಸಿಸಿಲಿಗೆ ಹೋದ. ಅಲ್ಲಿ ಕೈಗೆ ಬಂದದ್ದು ಕತ್ತಿಯಷ್ಟೇ ಅಲ್ಲ, ಕಿರ್ದಿ ಪುಸ್ತಕವೂ ಬಂತು. ಸೇನೆಯ ಹಣಕಾಸಿನ ಹೊಣೆಯಲ್ಲಿ ಆತ ಪಾಲುಗಾರನಾದ. ಯುದ್ಧ ಮುಗಿಯುತ್ತಲೇ ಗರಿಬಾಲ್ಡಿಯ ಕಡೆಯವರು ದುಡ್ಡು ಪೋಲು ಮಾಡಿದರೆಂಬ ಗುಲ್ಲೆದ್ದಿತು. ನಿಯೇವೊ ಪತ್ರಿಕೆಯಲ್ಲಿ ಲೆಕ್ಕ ಪ್ರಕಟಿಸಿದ. ಅಷ್ಟು ಸಾಲದೆ, ಮೂಲ ಕಾಗದಪತ್ರಗಳನ್ನು ತರಲು ಮತ್ತೆ ಸಿಸಿಲಿಗೆ ಹೋದ. 1861ರ ಮಾರ್ಚ್ 4ರಂದು ಪಲೆರ್ಮೊ ರೇವಿನಿಂದ 'ಎರ್ಕೊಲೆ' ಎಂಬ ಹಳೆಯ ಹಡಗಿನಲ್ಲಿ ನೇಪಲ್ಸಿಗೆ ಹೊರಟ. ಹಡಗು ದಡ ಸೇರಲೇ ಇಲ್ಲ. ಒಬ್ಬರೂ ಉಳಿಯಲಿಲ್ಲ. ಲೆಕ್ಕಪತ್ರಗಳೂ ಮುಳುಗಿದವು. ಆತನಿಗೆ ಆಗ 29 ವರ್ಷ.

ಎರಡು ವಾರ ತುಂಬುವ ಮೊದಲೇ, ಮಾರ್ಚ್ 17ರಂದು, ಇಟಲಿ ರಾಜ್ಯದ ಘೋಷಣೆಯಾಯಿತು. ಆತನ ಸ್ವಂತ ಸೀಮೆ ಅದಕ್ಕೆ ಸೇರಿದ್ದು 1866ರಲ್ಲಿ. ಮರುವರ್ಷ ಫ್ಲಾರೆನ್ಸಿನಲ್ಲಿ ಕಾದಂಬರಿ ಅಚ್ಚಾಯಿತು. ಲೇಖಕನಿಟ್ಟ ಹೆಸರಿನಲ್ಲಿ 'ಇಟಲಿಯವನು' ಎಂದಿದ್ದ ಕಡೆ ಈಗ 'ಎಂಬತ್ತರ ಮುದುಕ' ಎಂದಾಗಿತ್ತು. ಮೂವತ್ತನ್ನೂ ಕಾಣದವನ ಪುಸ್ತಕಕ್ಕೆ ಎಂಥ ಹೆಸರು!

ರಣರಂಗದಲ್ಲಿ ಬಿದ್ದ ವೀರನಿಗೆ ಲಾವಣಿ ಕಟ್ಟುವವರುಂಟು. ಜಮಾಖರ್ಚಿನ ಕಟ್ಟನ್ನು ತರಲು ಹೋಗಿ ಸತ್ತವನಿಗೆ ಯಾರು ಕಟ್ಟುತ್ತಾರೆ? ಆದರೂ ದೇಶಭಕ್ತಿಯೆಂದರೆ ಏನೆಂದು ನನ್ನನ್ನು ಕೇಳಿದರೆ, ಗುಂಡಿಗೆ ಎದೆಯೊಡ್ಡುವುದಕ್ಕಿಂತ ಮೊದಲು ನೆನಪಾಗುವುದು ಇದೇ: ಜನರ ದುಡ್ಡಿನ ಲೆಕ್ಕವನ್ನು ಜನರಿಗೆ ಒಪ್ಪಿಸದೆ ತನಗೆ ನಿದ್ದೆ ಬಾರದು ಎಂಬ ಆ ತಳಮಳ.