ಗೇರಿಲ್ಲದ ಗಾಡಿಯ ಹೊಟ್ಟೆಯೊಳಗೆ

ಗೇರಿಲ್ಲದ ಗಾಡಿ ಎನ್ನುವ ಮಾತೇ ಅರ್ಧ ಸುಳ್ಳು. ಗೇರು ಬದಲಾಯಿಸುವ ಕೆಲಸ ಅಲ್ಲೂ ಉಂಟು. ನಮ್ಮ ಕೈಕಾಲಿಗೆ ತಾಕುವುದಿಲ್ಲ, ಅಷ್ಟೆ. ಮನೆಯಲ್ಲಿ ಯಾರ ಕಣ್ಣಿಗೂ ಬೀಳದೆ ನಡೆಯುವ ಕೆಲಸಗಳ ಹಾಗೆ, ಎಡಬದಿಯ ಮುಚ್ಚಳದೊಳಗೆ ಅದು ತನ್ನಷ್ಟಕ್ಕೆ ನಡೆಯುತ್ತಿರುತ್ತದೆ. ಅಂಥದೊಂದು ಇದೆ ಎಂದು ಗೊತ್ತಾಗುವುದು ಅದು ಮುಷ್ಕರ ಹೂಡಿದಾಗ.

ಗೊರೂರಿನಿಂದ ಹಾಸನಕ್ಕೆ 20 ಕಿಲೋಮೀಟರಿಗೂ ಹೆಚ್ಚು. ನನ್ನ ಕೆಲಸ, ಮಗನ ಟ್ಯೂಷನ್, ಅತ್ತೆಯವರ ಕಣ್ಣಿನ ಆಸ್ಪತ್ರೆ ಎಲ್ಲ ಅಲ್ಲೇ. ಬಸ್ಸಿನ ಹೊತ್ತಿಗೆ ಅನ್ನ ಇಳಿಸಿ ಓಡಿದ ವರ್ಷಗಳನ್ನು ನಾನು ಮರೆತಿಲ್ಲ. ಹಾಗಾಗಿ "ಹಳೇದಾಯ್ತು, ಮಾರಿಬಿಡು" ಎಂದು ನಮ್ಮವರು ಅಂದಾಗ ಕೇಳಿಸದವಳಂತೆ ಒಳಗೆ ಹೋದೆ.

ಕಾಯಿಲೆ ಇಷ್ಟು: ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಗಾಡಿ ಮುಂದಕ್ಕೆ ತೆವಳುತ್ತಿತ್ತು. ಒಂದು ಮಳೆಗಾಲದಲ್ಲಿ ಹೇಮಾವತಿ ಅಣೆಕಟ್ಟಿನ ಗೇಟು ತೆರೆದಿದ್ದರು. 1979ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟಿನಿಂದ ನೀರು ಬಿಟ್ಟರೆ ಸಾಕು, ನಮ್ಮೂರಿಗೆ ಜಾತ್ರೆ. ಆ ಜನಜಂಗುಳಿಯಲ್ಲಿ ಒಂದು ಮಗು ನನ್ನ ಗಾಡಿಯ ಮುಂದೆಯೇ ನಿಧಾನವಾಗಿ ದಾಟುತ್ತಿದೆ. ಎರಡೂ ಬ್ರೇಕು ಅದುಮಿ ಹಿಡಿದಿದ್ದರೂ ಗಾಡಿ ಕಟ್ಟಿದ ಕರುವಿನ ಹಾಗೆ ಜಗ್ಗುತ್ತಿದೆ. ಹಿಂದಿನಿಂದ ಅತ್ತೆ "ನಿಲ್ಸೇ ತಾಯಿ, ನಿಲ್ಸೇ" ಎನ್ನುತ್ತಿದ್ದಾರೆ. ಕೀಲಿ ತಿರುಗಿಸಿ ಎಂಜಿನ್ನನ್ನೇ ಆರಿಸಬೇಕಾಯಿತು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೊದಲು ತೋರಿಸಿದ ಮೆಕ್ಯಾನಿಕ್ ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ ಎಂಜಿನ್ನಿನ ಓಟ ತಗ್ಗಿಸಿದ. ತೆವಳುವುದು ಕಡಿಮೆಯಾಯಿತು, ಆದರೆ ಗಾಡಿ ನಿಂತಲ್ಲೆಲ್ಲ ಆರಿಹೋಗತೊಡಗಿತು. ಎರಡನೆಯವನು ನೋಡದೆಯೇ "ಪೂರ್ತಿ ಸೆಟ್ಟೇ ಹೋಗಿದೆ ಮೇಡಂ" ಅಂದ. ಸೀರೆಗೆ ತೂತಾದರೆ ಯಾವ ಮಗ್ಗುಲಲ್ಲಿ ಎಂದು ಕೇಳುವವರು ನಾವು, ಇಲ್ಲೇಕೆ ಸುಮ್ಮನಿರಬೇಕು? ಮೂರನೆಯವನ ಬಳಿ ಹೋಗಿ, "ಬಿಚ್ಚು, ನಾನು ನೋಡ್ತೀನಿ" ಎಂದು ಸ್ಟೂಲು ಎಳೆದುಕೊಂಡು ಕೂತೆ.

ಮುಚ್ಚಳ ತೆಗೆದರೆ ಕರೀ ಧೂಳು. ಅದನ್ನು ಬಾಯಿಂದ ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಒಳಗೆ ಮುಂದೊಂದು ಹಿಂದೊಂದು ರಾಟೆ, ನಡುವೆ ಹೊಲಿಗೆ ಯಂತ್ರದ್ದರಂಥ, ಆದರೆ ಅಗಲವಾದ ರಬ್ಬರ್ ಬೆಲ್ಟು. ಮುಂದಿನ ರಾಟೆಯೊಳಗೆ ಆರು ರೋಲರು. ವೇಗ ಹೆಚ್ಚಿದಂತೆ ಅವು ಅಂಚಿಗೆ ಸರಿದು ರಾಟೆಯನ್ನು ಒತ್ತುತ್ತವೆ, ಬೆಲ್ಟು ಮೇಲೇರುತ್ತದೆ. ಅದೇ ಗೇರು! ಹಿಂದೆ ಕ್ಲಚ್ಚು: ಸ್ಪ್ರಿಂಗು ಹಿಡಿದಿಟ್ಟ ಮೂರು ಶೂಗಳು ಗಿರಗಿಟ್ಲೆಯ ಹಾಗೆ ಸುತ್ತುವಾಗ ಹೊರಕ್ಕೆ ಚಿಮ್ಮಿ ಸುತ್ತಲಿನ ಬಟ್ಟಲನ್ನು ಹಿಡಿಯುತ್ತವೆ, ಚಕ್ರ ತಿರುಗುತ್ತದೆ. ವೇಗ ಇಳಿದಾಗ ಸ್ಪ್ರಿಂಗು ಅವನ್ನು ಒಳಕ್ಕೆಳೆಯಬೇಕು.

ಎಳೆಯುತ್ತಿರಲಿಲ್ಲ. ಒಂದು ಶೂವಿನ ಕೀಲು ತುಕ್ಕು ಹಿಡಿದಿತ್ತು. ಹೊಸ ಸ್ಪ್ರಿಂಗಿನ ಪಕ್ಕ ಹಳೆಯದನ್ನಿಟ್ಟರೆ ಹಳೆಯದು ಉದ್ದ, ಸೋತ ಲಾಡಿಯ ಹಾಗೆ. ರೋಲರುಗಳೋ ಒಂದು ಮಗ್ಗುಲು ಸವೆದು ಚಪ್ಪಟೆ. ಹೊರಡುವಾಗ ಗಾಡಿ ಮುಗ್ಗರಿಸುತ್ತಿದ್ದುದಕ್ಕೆ ಅದು ಕಾರಣ. ಶೂಗಳಲ್ಲಿ ಇನ್ನೂ ಸವೆಯುವಷ್ಟು ದಪ್ಪವಿತ್ತು. "ಇವನ್ನ ಯಾಕೆ ಬದಲಾಯಿಸ್ಬೇಕು?" ಎಂದೆ. ಹುಡುಗ ನಕ್ಕು, "ಬೇಡ ಅಕ್ಕ" ಅಂದ. ಬೆಲ್ಟಿನ ಒಳಮೈ ಬಿರುಕುಬಿಟ್ಟಿತ್ತು. ಅದನ್ನು ಮಾತ್ರ ಚೌಕಾಸಿಯಿಲ್ಲದೆ ಒಪ್ಪಿದೆ. ದಾರಿಯಲ್ಲಿ ಅದು ಹರಿದರೆ ಎಂಜಿನ್ನು ಕೂಗುತ್ತಿರುತ್ತದೆ, ಚಕ್ರ ಮಾತ್ರ ತಿರುಗುವುದಿಲ್ಲ.

ಈ ಬೆಲ್ಟು-ರಾಟೆಯ ಉಪಾಯ ಹಳೆಯದು. ಹಾಲೆಂಡಿನ ಡಾಫ್ ಕಂಪನಿ 1958ರಲ್ಲೇ ಇದನ್ನು ಕಾರಿಗೆ ಹಾಕಿತ್ತು. ನಮ್ಮಲ್ಲಿ 1980ರ ದಶಕದಲ್ಲಿ ಕೈನೆಟಿಕ್ ಹೋಂಡಾ ಇದನ್ನು ಮನೆಮನೆಗೆ ತಂದಿತು. ನಮ್ಮೂರಿನ ರಾಮಸ್ವಾಮಿ ಅಯ್ಯಂಗಾರ್ಯರು 'ಅಮೆರಿಕದಲ್ಲಿ ಗೊರೂರು' ಬರೆದರಲ್ಲ, ಆ ಅಮೆರಿಕದ ಹಿಮದ ಮೇಲೆ ಓಡುವ ಗಾಡಿಗೂ ನನ್ನ ಸ್ಕೂಟರಿಗೂ ಹೊಟ್ಟೆಯೊಳಗೆ ಒಂದೇ ಕರುಳು.

ಕೀಲು ಉಜ್ಜಿ, ಚೂರೇ ಚೂರು ಗ್ರೀಸ್ ಸವರಿ (ಹೆಚ್ಚಾದರೆ ಶೂಗೆ ಸಿಡಿದು ಜಾರುತ್ತದೆ), ಮೂರೂ ಸ್ಪ್ರಿಂಗು, ಆರೂ ರೋಲರು ಹೊಸದು ಹಾಕಿದ. ನಡುಸ್ಟ್ಯಾಂಡ್ ಹಾಕಿ ಆಕ್ಸಿಲರೇಟರ್ ಕೊಟ್ಟು ಬಿಟ್ಟರೆ, ಹಿಂದಿನ ಚಕ್ರ ಎರಡು ಸುತ್ತು ತಿರುಗಿ ತೆಪ್ಪಗೆ ನಿಂತಿತು. ಸಂಜೆ ಅತ್ತೆಯವರನ್ನು ಕೂರಿಸಿಕೊಂಡು ಒಂದು ಸುತ್ತು ಹೋದೆ. ಅವರು ನನ್ನ ಭುಜ ಹಿಡಿದುಕೊಳ್ಳಲೇ ಇಲ್ಲ.

ಹಳೆಯ ರೋಲರುಗಳನ್ನು ಕೇಳಿ ತಂದಿದ್ದೆ. ನಾಲ್ಕನ್ನು ಅತ್ತೆ ಚೌಕಾಬಾರದ ಕಾಯಿ ಮಾಡಿಕೊಂಡಿದ್ದಾರೆ. ಒಂದು ಮಗ್ಗುಲು ಸವೆದಿರುವುದರಿಂದ ಇಟ್ಟಲ್ಲಿಂದ ಉರುಳುವುದಿಲ್ಲವಂತೆ.