ಭಂಗಾರ್ – ಬಂಗಾರ: ತಪಕೀರ್ ಗಲ್ಲಿಗೆ ಒಂದು ಸುತ್ತು

ಮಕ್ಕಳೇ, ಪುಣೆಯಲ್ಲೇ ಹುಟ್ಟಿ ಬೆಳೆದ ನಿಮಗೆ ಮರಾಠಿಯ ‘ಭಂಗಾರ್’ ಎಂಬ ಮಾತನ್ನು ನಾನು ಹೇಳಿಕೊಡಬೇಕಾಗಿಲ್ಲ. ಗುಜರಿ ಸಾಮಾನು, ಅಷ್ಟೆ. ಆದರೆ 1993ರಲ್ಲಿ ಮದುವೆಯಾಗಿ ಧಾರವಾಡದಿಂದ ಈ ಊರಿಗೆ ಬಂದ ಹೊಸತರಲ್ಲಿ, ಗಾಡಿಯವನ ಕೂಗು ಕೇಳಿ, ಈ ಊರಿನಲ್ಲಿ ಬಂಗಾರವನ್ನೂ ಬೀದಿಯಲ್ಲಿ ಕೂಗಿ ಮಾರುತ್ತಾರೆಯೇ ಎಂದು ನಾನು ಬಾಲ್ಕನಿಗೆ ಓಡಿದ್ದೆ! ಅತ್ತೆಯವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಅದೇ ಮಾತು ಹೋದ ವರ್ಷ ನಮ್ಮ ಮಗನ ಬಾಯಿಂದ ಬಂದಾಗ ಮಾತ್ರ ಯಾರಿಗೂ ನಗು ಬರಲಿಲ್ಲ. ಕೊಥ್ರೂಡ್‌ನ ನಮ್ಮ ಹಳೆಯ ಸೊಸೈಟಿ ರೀಡೆವಲಪ್‌ಮೆಂಟಿಗೆ ಹೋಗಿ, ದೀಪಾವಳಿಯೊಳಗೆ ಮನೆ ಖಾಲಿ ಮಾಡಬೇಕಾಗಿತ್ತು. ಮಗ ಒಂದೊಂದೇ ಸಾಮಾನಿಗೆ ಚೀಟಿ ಅಂಟಿಸುತ್ತಾ ಬಂದವನು, ಮಾವನವರ ಕೋಣೆಯ ಮೂಲೆಯಲ್ಲಿದ್ದ, ಇಬ್ಬರು ಹಿಡಿದು ಎತ್ತಬೇಕಾದ ಕಬ್ಬಿಣದ ಪೆಟ್ಟಿಗೆಯನ್ನು ತೋರಿಸಿ, “ಅಮ್ಮಾ, ಇದು ಭಂಗಾರ್‌ಗೆ ಹೋಗೂದಲ್ಲಾ?” ಎಂದ. ಎಂಬತ್ತು ದಾಟಿದ ಮಾವನವರು ಅಲ್ಲೇ ಆರಾಮ ಕುರ್ಚಿಯಲ್ಲಿದ್ದರು. ಏನೂ ಅನ್ನಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

ಆ ಪೆಟ್ಟಿಗೆ ಅವರೇ ಕೈಯಾರೆ ಕಟ್ಟಿದ ವಾಲ್ವ್ ಆಂಪ್ಲಿಫೈಯರ್. ಮಾವನವರು ಹ್ಯಾಮ್, ಅಂದರೆ ಸರ್ಕಾರದ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊದವರು. ರಾಜೀವ್ ಗಾಂಧಿಯವರೂ ಹ್ಯಾಮ್ ಆಗಿದ್ದರೆಂದು ನಿಮಗೆ ಗೊತ್ತಿತ್ತೇ? ಅವರ ಕರೆ-ಸಂಕೇತ ವಿಯು2ಆರ್‌ಜಿ. ನಾನು ಮದುವೆಯಾಗಿ ಬಂದ ಆ ವರ್ಷವೇ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಅಲ್ಲಿಂದ ಹ್ಯಾಮ್‌ಗಳು ರೇಡಿಯೊ ಮೂಲಕ ಸುದ್ದಿ ಸಾಗಿಸಿದರು. ಮಾವನವರು ಈ ಪೆಟ್ಟಿಗೆಯ ಮುಂದೆ ಊಟ-ತಿಂಡಿ ಬಿಟ್ಟು ಕುಳಿತದ್ದನ್ನು ಹೊಸ ಸೊಸೆಯಾಗಿ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಚಹಾ ತಣ್ಣಗಾಗುತ್ತಿತ್ತು, ನಾನು ಮತ್ತೆ ಬಿಸಿ ಮಾಡಿ ತರುತ್ತಿದ್ದೆ. ರೇಡಿಯೊದ ಬಗ್ಗೆ ಅಂದಿಗೆ ನನಗೆ ಗೊತ್ತಿದ್ದದ್ದು ಅಷ್ಟೇ.

ಅವರು ಬೆಂಗಳೂರು ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆಯಲ್ಲಿ ಇದ್ದವರು. 1954ರಲ್ಲಿ ಶುರುವಾದ ಆ ಸಂಸ್ಥೆ 1961ರಿಂದ ರೇಡಿಯೊ ವಾಲ್ವ್‌ಗಳನ್ನು ತಯಾರಿಸತೊಡಗಿತು. ಆ ವಾಲ್ವ್‌ಗಳು ದೇಶದ ಎಷ್ಟೋ ಮನೆಗಳ ರೇಡಿಯೊದೊಳಗೆ ಹೊಕ್ಕು ಕುಳಿತವು. 1979ರಲ್ಲಿ ಪುಣೆಯ ಘಟಕ ಆರಂಭವಾದ ಮೇಲೆ ಮಾವನವರು ಸಂಸಾರ ಕಟ್ಟಿಕೊಂಡು ಇಲ್ಲಿಗೆ ಬಂದರು. ಅಷ್ಟೇ ನೋಡಿ, ನೀವು ಕೆಲವರು ‘ಪುಣೇಕರ್’ ಆದದ್ದು ಹೀಗೆ ಯಾವುದೋ ಕಾರ್ಖಾನೆಯ ಒಂದು ವರ್ಗಾವಣೆ ಕಾಗದದಿಂದಲೇ.

ವಾಲ್ವ್ ಎಂದರೇನು ಎಂದು ಕೇಳುವಿರಿ. ಗಾಳಿ ತೆಗೆದ ಗಾಜಿನ ಬುರುಡೆ. ಒಳಗೆ ಕೆಂಪಗೆ ಕಾಯುವ ಒಂದು ಕಡ್ಡಿ ಎಲೆಕ್ಟ್ರಾನ್‌ಗಳನ್ನು ಉಗುಳುತ್ತದೆ. ಸುತ್ತಲಿನ ‘ಪ್ಲೇಟ್’ ಎಂಬ ತಗಡಿಗೆ ನೂರಾರು ವೋಲ್ಟ್ ಕೊಟ್ಟಿರುವುದರಿಂದ ಅದು ಅವುಗಳನ್ನು ಸೆಳೆಯುತ್ತದೆ. ನಡುವೆ ತಂತಿಯ ಜಾಲರಿ, ‘ಗ್ರಿಡ್’. ಕಾಲುವೆಗೆ ತೂಬು ಇದ್ದಂತೆ. ತೂಬಿನ ಹಲಗೆಯನ್ನು ಒಬ್ಬ ಹುಡುಗ ಎರಡು ಬೆರಳು ಎತ್ತಿದರೂ ಹೊಲಕ್ಕೆ ನುಗ್ಗುವ ನೀರು ಎಷ್ಟು! ಹಾಗೆಯೇ ಗ್ರಿಡ್ಡಿಗೆ ಕೊಟ್ಟ ಸಣ್ಣ ಸಂಕೇತ ಪ್ಲೇಟಿನಲ್ಲಿ ದೊಡ್ಡದಾಗುತ್ತದೆ. ಮಾವನವರ ಪೆಟ್ಟಿಗೆಯಲ್ಲಿದ್ದವು 807 ಎಂಬ ಎರಡು ವಾಲ್ವ್‌ಗಳು. 1930ರ ದಶಕದ ಈ ಅಮೆರಿಕನ್ ವಾಲ್ವ್ ಎರಡನೇ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ಬಳಕೆಯಾಗಿ, ಆಮೇಲೆ ಸೈನ್ಯದ ಹಳೆಯ ಸಾಮಾನಾಗಿ ಜಗತ್ತಿನ ಹ್ಯಾಮ್‌ಗಳ ಕೈಗೆ ಅಗ್ಗವಾಗಿ ಸಿಕ್ಕಿತು. ದಂಡಿನ ಊರಾದ ಪುಣೆಯಲ್ಲಿ ಕೇಳಬೇಕೆ? ಮಂಗಳವಾರ ಪೇಠೆಯ ಕಡೆ ಬುಧವಾರ ಮತ್ತು ಭಾನುವಾರ ಸೇರುತ್ತಿದ್ದ ಜುನಾ ಬಾಜಾರಿನಲ್ಲಿ, ನೆಲದ ಮೇಲೆ ಹಾಸಿದ ಗೋಣಿತಟ್ಟಿನಿಂದ ಮಾವನವರು ಇವನ್ನು ಆರಿಸಿ ತಂದಿದ್ದರಂತೆ.

ಆಂಪ್ಲಿಫೈಯರ್ ಬಾಯಿ ಮುಚ್ಚಿ ಏಳು ವರ್ಷವಾಗಿತ್ತು. ಮಾವನವರ ಸಣ್ಣ ಸೆಟ್ಟು ಕೆಲವೇ ವ್ಯಾಟಿನದು. ಈಗ ಪ್ರತಿ ಮನೆಯ ಎಲ್‌ಇಡಿ ದೀಪ, ಚಾರ್ಜರ್‌ಗಳೆಲ್ಲ ರೇಡಿಯೊದಲ್ಲಿ ಕೊರಕೊರ ಎನ್ನುತ್ತವೆ, ಎಲ್ಲ ಊರುಗಳಲ್ಲೂ. ಹುಬ್ಬಳ್ಳಿಯಲ್ಲಿ ಅವರ ಓರಗೆಯ ಗೆಳೆಯರೊಬ್ಬರು ಇದ್ದಾರೆ. ನಲವತ್ತು ವರ್ಷ ಬೆಳಿಗ್ಗೆ 7 ಮೆಗಾಹರ್ಟ್ಸ್ ಮೇಲೆ ಮಾತಾಡಿದವರು. ಅವರ ದನಿ ಇಲ್ಲಿಗೆ ಕೇಳುತ್ತಿತ್ತು, ಇವರದು ಅಲ್ಲಿಗೆ ಮುಟ್ಟುತ್ತಿರಲಿಲ್ಲ. “ಅಜ್ಜಾ, ಫೋನ್ ಮಾಡಬಾರದೇನು?” ಎಂದು ಮಗ ಕೇಳಿದ. “ಫೋನ್ ಹಚ್ಚಿದ್ರ ಅವನ ಸೊಸಿ ಎತ್ತತಾಳ,” ಎಂದರು ಮಾವನವರು. ಅದಕ್ಕೆ ನಾನು ಏನು ಹೇಳಲಿ!

ಆ ರಾತ್ರಿ ನಾನು ಹೇಳಿದೆ: “ಮಾವ, ಮನೆ ಬಿಡೂಕಿಂತ ಮೊದಲ ಒಮ್ಮೆ ಹಚ್ಚಿ ನೋಡೋಣ.” ಅವರು ತಮ್ಮ ಕೈ ತೋರಿಸಿದರು. ನಡುಗುತ್ತಿತ್ತು, ಬೆಸುಗೆ ಹಾಕುವ ಕೈ ಅಲ್ಲ. “ಕೈ ನಂದು, ತಲಿ ನಿಮ್ಮದು,” ಎಂದೆ. ನಾನು ಓದಿದ್ದು ಇಂಗ್ಲಿಷ್ ಸಾಹಿತ್ಯದ ಬಿ.ಎ. ಶೇಕ್ಸ್‌ಪಿಯರ್ ಗೊತ್ತು, ರೆಸಿಸ್ಟರ್ ಗೊತ್ತಿಲ್ಲ.

ಮೊದಲ ಪಾಠ ಪೆಟ್ಟಿಗೆ ಬಿಚ್ಚುವ ಮೊದಲೇ ಆಯಿತು. “ನೋಡವಾ, ಒಂದ ಕೈ ಯಾವಾಗಲೂ ಕಿಸೇದಾಗ ಇರಬೇಕು. ಎರಡೂ ಕೈ ಒಳಗ ಹಾಕಿದ್ರ ಕರೆಂಟು ಎದಿ ಹಾಯ್ದು ಹೋಗ್ತದ.” “ಸೀರಿಗೆ ಕಿಸೆ ಎಲ್ಲಿಂದ ತರಲಿ ಮಾವ?” “ಹಂಗಾರ ಸೆರಗಿನ್ಯಾಗ ಸುತ್ತಿ ಬೆನ್ನಿಂದ ಇಟ್ಕೋ.” ಹಾಗೆಯೇ ಮಾಡಿದೆ.

ಮುಚ್ಚಳ ತೆಗೆದರೆ ಒಂದು ವಾಲ್ವಿನ ಗಾಜಿನ ಒಳಗೆ ಬೆಳ್ಳಿಯ ಕಲೆ ಹೊಳೆಯುತ್ತಿತ್ತು. ಇನ್ನೊಂದರದು ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಉಳಿದ ಗಾಳಿಯನ್ನು ಹೀರಲೆಂದು ವಾಲ್ವ್ ಮಾಡುವಾಗಲೇ ಬಳಿದ ಕಲೆ ಅದು. ಬೆಳ್ಳಗಾಯಿತೆಂದರೆ ಹೊರಗಿನ ಗಾಳಿ ಒಳಹೊಕ್ಕಿದೆ ಎಂದರ್ಥ. ಜೋಡೆತ್ತಿನಲ್ಲಿ ಒಂದು ಹೋದರೆ ಹಳೆಯದಕ್ಕೆ ಹೊಸದನ್ನು ಕಟ್ಟಬಾರದು, ಎರಡನ್ನೂ ಬದಲಿಸಬೇಕು ಎಂದರು. ಸರಿ, ನಡೆ ತಪಕೀರ್ ಗಲ್ಲಿಗೆ.

ನೀವು ಪುಸ್ತಕಕ್ಕೆಂದು ಅಪ್ಪಾ ಬಳವಂತ ಚೌಕದವರೆಗೆ ಹೋಗಿರುತ್ತೀರಿ, ದಗಡೂಶೇಠ್ ಗಣಪತಿಗೆ ಕೈ ಮುಗಿದಿರುತ್ತೀರಿ. ಇವೆರಡರಿಂದಲೂ ದೂರವಿಲ್ಲದ ಬುಧವಾರ ಪೇಠೆಯ ಈ ಗಲ್ಲಿಗೆ ಎಷ್ಟು ಜನ ಹೊಕ್ಕಿದ್ದೀರಿ? ತಪಕೀರು ಎಂದರೆ ನಮ್ಮ ಧಾರವಾಡದ ಕಡೆಯೂ ನಶ್ಯವೇ. ಈಗ ಅಲ್ಲಿ ಸೀನಿಸುವಂಥದ್ದೇನಿಲ್ಲ, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ ಅಂಗಡಿಗಳ ಸಾಲು. ಬೆಂಗಳೂರಿನ ನೆಂಟರಿಗೆ ನಾನು ‘ನಮ್ಮ ಎಸ್.ಪಿ. ರೋಡ್’ ಎಂದು ಹೇಳುತ್ತೇನೆ. 2024ರ ಸೆಪ್ಟೆಂಬರ್‌ನಿಂದ ಮಂಡೈವರೆಗೆ ಮೆಟ್ರೊ ಇದೆ. ಕೊಥ್ರೂಡ್ ಕಡೆಯಿಂದ ಹೋಗುವವರು ಡಿಸ್ಟ್ರಿಕ್ಟ್ ಕೋರ್ಟ್‌ನಲ್ಲಿ ಬಂಡಿ ಬದಲಿಸಿದರಾಯಿತು. ನೆಲದಡಿಯಿಂದ ಮೇಲೆ ಬಂದೊಡನೆ ಹೂವು, ತರಕಾರಿ, ಸ್ಕೂಟರ್ ಹೊಗೆ, ಗಂಟೆಯ ಸದ್ದು.

ಗಲ್ಲಿ ಎಂದರೆ ಗಲ್ಲಿಯೇ. ಎರಡು ಕೈಗಾಡಿ ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕು. ತಲೆಯ ಮೇಲೆ ದೀಪದ ಸರಗಳ ತೋರಣ, ಕೆಳಗೆ ವೈರಿನ ಸುರುಳಿಗಳು. ಮೊದಲ ಅಂಗಡಿಯ ಹುಡುಗ “ಕಾಕೂ, ಆತಾ ವಾಲ್ವ್ ಕೋಣ್ ವಾಪರ್ತೋ?” ಎಂದು ನಕ್ಕ. ಎರಡನೆಯವನು ನಲ್ಲಿಯ ಅಂಗಡಿ ತೋರಿಸಿದ! ವಾಲ್ವ್ ಎಂದರೆ ಅವನಿಗೆ ಅದೇ. ಅವನ ತಪ್ಪಲ್ಲ. ಐದನೆಯ ಅಂಗಡಿಯ ಹಿರಿಯರು ಮಾತ್ರ “807?” ಎಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಂದು ಹಳೆಯ ವಾಡೆಯ ಮರದ ಮೆಟ್ಟಿಲು ತೋರಿಸಿದರು.

ಮೇಲೆ, ಬಾಗಿ ಒಳಹೋಗಬೇಕಾದ ಒಂದು ಅಟ್ಟ. ಅಲ್ಲಿನವರು ಒಂದು ಕಾಲದಲ್ಲಿ ಗಣೇಶೋತ್ಸವದ ಮಂಟಪಗಳ ಧ್ವನಿವರ್ಧಕದ ಆಂಪ್ಲಿಫೈಯರ್‌ಗಳನ್ನು ದುರಸ್ತಿ ಮಾಡುತ್ತಿದ್ದವರು. ಅವುಗಳಲ್ಲೂ ಇದೇ 807 ಇರುತ್ತಿತ್ತಂತೆ. ಹಾಸಿಗೆಯ ಕೆಳಗಿನ ಟ್ರಂಕಿನಿಂದ ಎರಡು ತೆಗೆದರು. ನಾನು ಕಿಟಕಿಯ ಬೆಳಕಿಗೆ ಹಿಡಿದು ಬೆಳ್ಳಿಯ ಕಲೆ ನೋಡಿದೆ. “ತುಮ್ಹಾಲಾ ಕಳ್ತಂಯ್ ಕೀ!” ಎಂದು ಅವರು ಕುರ್ಚಿ ಕೊಟ್ಟು ಚಹಾ ಹೇಳಿದರು. ನಿಮಗೆ ಇದು ತಿಳಿಯುತ್ತದಲ್ಲ ಎಂದ ಆ ಮಾತು ನನ್ನ ಬಿ.ಎ. ಪದವಿಗಿಂತ ಹೆಚ್ಚು ಹಿಗ್ಗು ತಂದಿತು ಎಂದರೆ ನಂಬಿ. ಜೋಡಿಗೆ ಹದಿನೈದು ನೂರು ಹೇಳಿದರು. ಚೌಕಾಶಿ ಮಾಡಲು ಮನಸ್ಸಾಗಲಿಲ್ಲ. ಹಿಂದಿನ ದಿನದ ‘ಸಕಾಳ್’ನಲ್ಲಿ ಸುತ್ತಿಕೊಟ್ಟರು. ಏಳುವಾಗ, ಬೆರಳುದ್ದದ ಇನ್ನೊಂದು ವಾಲ್ವನ್ನು ಅದರ ರಟ್ಟಿನ ಡಬ್ಬಿ ಸಮೇತ ಕೈಗಿಟ್ಟು, ಇದು ನಿಮ್ಮ ಬೆಂಗಳೂರಿನದು, ಇರಲಿ ಎಂದರು. ಡಬ್ಬಿಯ ಮೇಲೆ ಬಿ.ಇ.ಎಲ್. ಗುರುತು.

ಮನೆಯಲ್ಲಿ ಮಾವನವರು 807ಗಳನ್ನು ಬಿಟ್ಟು ಮೊದಲು ಆ ಪುಟ್ಟ ಡಬ್ಬಿಯನ್ನೇ ಎತ್ತಿಕೊಂಡರು. ಬಹಳ ಹೊತ್ತು ಅದನ್ನು ತೆರೆಯಲೇ ಇಲ್ಲ.

ಹೊಸ ವಾಲ್ವ್ ತಕ್ಷಣ ಸಿಕ್ಕಿಸಲು ನನಗೆ ಅವಸರ. “ತಡಿಯವಾ. ವಾಲ್ವು ಸತ್ತದ್ದು ಯಾಕ, ಅದನ್ನ ಮೊದಲ ಕೇಳು.” ಸಾಕೆಟ್ ಖಾಲಿ ಇಟ್ಟುಕೊಂಡೇ ಒಂದೊಂದಾಗಿ ಮೀಟರ್ ಹಿಡಿಯಬೇಕು. ಹೀಟರ್‌ಗೆ 6.3 ವೋಲ್ಟ್, ಸರಿ. ಪ್ಲೇಟಿನ ವೋಲ್ಟೇಜ್ 640, ಸರಿ. ಗ್ರಿಡ್ಡಿಗೆ ಮೈನಸ್ ಮೂವತ್ತರ ಆಸುಪಾಸು ಇರಬೇಕಾದದ್ದು ಮೈನಸ್ ಆರು! ಇದೇ ಕಳ್ಳ. ಆ ಮೈನಸ್ ವೋಲ್ಟೇಜೇ ತೂಬನ್ನು ಹಿಡಿದಿಡುವ ಕೈ. ಅದು ಸಡಿಲಾದರೆ ಪ್ಲೇಟಿಗೆ ಕರೆಂಟು ನುಗ್ಗಿ, ತಗಡು ಕೆಂಡದಂತೆ ಕೆಂಪಾಗುತ್ತದೆ. ಹಾಗೆ ಕಾಯ್ದು ಕಾಯ್ದೇ ಹಳೆಯ ವಾಲ್ವಿನ ಗಾಜು ಎಲ್ಲೋ ಬಿರಿದಿತ್ತು. ಕಾರಣ, ಒಣಗಿಹೋದ ಒಂದು ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್. ಬೆಲೆ ಒಂದು ಕಟ್ಟು ಕೊತ್ತಂಬರಿಯಷ್ಟು. ಅವಸರ ಮಾಡಿದ್ದರೆ ಹದಿನೈದು ನೂರು ಕಣ್ಣೆದುರೇ ಸುಟ್ಟುಹೋಗುತ್ತಿತ್ತು.

ಇನ್ನೊಂದು ಸಂಗತಿಯನ್ನು ನಿಮಗೆ ಹೇಳಲೇಬೇಕು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಐದು ನಿಮಿಷ ಕಾದು ನಾನು ಇಕ್ಕಳ ಹಿಡಿದು ಬಗ್ಗಿದೆ. “ಮೀಟರ್ ನೋಡು!” ಎಂದು ಮಾವನವರು ಚೀರಿದರು. ಅವರು ಚೀರಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮೀಟರ್ ಇನ್ನೂ ಆರುನೂರರ ಮೇಲೇ ಇತ್ತು, ಗೋಡೆಯಿಂದ ಪ್ಲಗ್ ಕಿತ್ತ ಪೆಟ್ಟಿಗೆಯಲ್ಲಿ! ಸ್ವಿಚ್ ಆರಿದ ಮೇಲೆ ಕೆಪ್ಯಾಸಿಟರ್‌ನಲ್ಲಿ ಉಳಿದ ವಿದ್ಯುತ್ತನ್ನು ಮೆಲ್ಲಗೆ ಖಾಲಿ ಮಾಡಲೆಂದೇ ಬ್ಲೀಡರ್ ಎಂಬ ರೆಸಿಸ್ಟರ್ ಇರುತ್ತದೆ. ಅದು ಒಳಗೇ ತುಂಡಾಗಿತ್ತು, ಹೊರಗೆ ಏನೂ ಕಾಣಿಸುತ್ತಿರಲಿಲ್ಲ. ವಾಲ್ವ್‌ಗಳೂ ಇಲ್ಲದ್ದರಿಂದ ವಿದ್ಯುತ್ತಿಗೆ ಹೋಗಲು ದಾರಿಯೇ ಇರಲಿಲ್ಲ. ಪ್ಲಾಸ್ಟಿಕ್ ಪೈಪಿನ ತುದಿಗೆ ರೆಸಿಸ್ಟರ್ ಮತ್ತು ತಂತಿ ಕಟ್ಟಿದ ಕೋಲೊಂದನ್ನು ಅವರು ಹಿಂದೆಯೇ ಮಾಡಿಟ್ಟಿದ್ದರು. ಅದರಿಂದ ಮುಟ್ಟಿಸಿ, ಮೀಟರ್ ಸೊನ್ನೆಗೆ ಇಳಿಯುವುದನ್ನು ಇಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ಆಮೇಲೆ ನನ್ನ ಕೈಯೂ ಮಾವನವರ ಕೈಯಂತೆಯೇ ನಡುಗಿತು. ಆ ದಿನದ ಕೆಲಸ ಅಲ್ಲಿಗೇ ನಿಂತಿತು. ದಯವಿಟ್ಟು ಇಂಥ ಪೆಟ್ಟಿಗೆಯನ್ನು ನೀವು ಒಬ್ಬರೇ ಇರುವಾಗ ಬಿಚ್ಚಬೇಡಿ.

ಕೆಪ್ಯಾಸಿಟರ್, ಬ್ಲೀಡರ್ ತರಲು ಎರಡನೇ ಸಲ ಗಲ್ಲಿಗೆ ಹೋದಾಗ ಹತ್ತು ನಿಮಿಷದ ಕೆಲಸ. “ವಾಲ್ವ್‌ವಾಲ್ಯಾ ಕಾಕೂ” ಎಂದು ಮೊದಲಂಗಡಿಯ ಹುಡುಗ ಗುರುತು ಹಿಡಿದ.

ಆಂಟೆನಾದ ಬದಲು ಮೊದಲು ಒಂದು ಸಾಮಾನ್ಯ ಬಲ್ಬನ್ನು ಜೋಡಿಸಿ ಪರೀಕ್ಷೆ. ಮಾವನವರು ಮೈಕಿನಲ್ಲಿ “ಹಲೋ, ಒನ್, ಟೂ” ಎಂದರೆ ಬಲ್ಬು ಅವರ ಮಾತಿನ ಏರಿಳಿತಕ್ಕೆ ತಕ್ಕಂತೆ ಹತ್ತಿ ಆರಿತು. ಮಗ ಚೀಟಿ ಅಂಟಿಸುವುದನ್ನು ಬಿಟ್ಟು ಬಂದು ನಿಂತ. “ಅಜ್ಜಾ, ನಿನ್ನ ದನಿ ಬೆಳಕಾಗಿ ಕಾಣಸ್ತದ!” ಎಂದು ನೆಲದ ಮೇಲೆ ಕುಳಿತೇಬಿಟ್ಟ.

ಮರುದಿನ ಬೆಳಿಗ್ಗೆ ತಾರಸಿಯ ಮೇಲಿನ 20 ಮೀಟರ್ ತಂತಿಗೆ ಜೋಡಿಸಿದೆವು. ಹುಬ್ಬಳ್ಳಿಯಿಂದ ತಕ್ಷಣ ಉತ್ತರ ಬಂತು, “ಐದು-ಒಂಬತ್ತು, ಐದು-ಒಂಬತ್ತು. ಎಲ್ಲಿ ಹೋಗಿದ್ದಿ ಮಾರಾಯಾ?” ಸ್ಪಷ್ಟತೆಗೆ ಐದು, ಬಲಕ್ಕೆ ಒಂಬತ್ತು, ಪೂರ್ಣ ಅಂಕ. ಏಳು ವರ್ಷದ ಮೇಲೆ ಆ ಇಬ್ಬರು ಏನು ಮಾತಾಡಿದರು ಎಂದುಕೊಂಡಿರಿ? ಮೊಣಕಾಲು ನೋವು! ಎಣ್ಣೆ ಯಾವುದು ಹಚ್ಚುತ್ತೀ ಎಂಬುದೇ ಹನ್ನೊಂದು ನಿಮಿಷ.

ಹನ್ನೆರಡು ದಿನ ಹಾಗೆ ನಡೆಯಿತು. ಆಮೇಲೆ ತಂತಿ ಇಳಿಸಿ, ಮನೆಯ ಕೀಲಿ ಕೊಟ್ಟು ಬಂದೆವು. ಈಗಿನ ಬಾಡಿಗೆ ಮನೆಯ ಮಾಲೀಕರು ತಾರಸಿಗೆ ತಂತಿ ಕಟ್ಟಲು ಒಪ್ಪಿಲ್ಲ. ಪೆಟ್ಟಿಗೆ ನನ್ನ ಹಳೆಯ ಇಳಕಲ್ ಸೀರೆ ಹೊದ್ದು ಮಾವನವರ ಮಂಚದ ಪಕ್ಕದಲ್ಲಿದೆ. ಹೊಸ ಕಟ್ಟಡ ಏಳಲು ಮೂರು ವರ್ಷವಂತೆ. ಎಷ್ಟು ಅಂತಸ್ತು ಎದ್ದಿತು ಎಂದು ಮಾವನವರು ವಾರಕ್ಕೊಮ್ಮೆ ಕೇಳುತ್ತಾರೆ. ಮಗ ಲೈಸೆನ್ಸ್ ಪರೀಕ್ಷೆಗೆ ಓದುತ್ತಿದ್ದಾನೆ (ಹನ್ನೆರಡು ತುಂಬಿದ ಯಾರಾದರೂ ಬರೆಯಬಹುದು, ನಿಮಗೂ ಹೇಳುತ್ತಿದ್ದೇನೆ). ತಾರಸಿಯಲ್ಲಿ 20 ಮೀಟರ್ ಜಾಗ ಬಿಡಿ ಎಂದು ಬಿಲ್ಡರ್‌ಗೆ ಎರಡು ಸಲ ಪತ್ರ ಬರೆದವನೂ ಅವನೇ.

ಇಲ್ಲಿಂದ ತಪಕೀರ್ ಗಲ್ಲಿ ನನಗೆ ಸ್ವಲ್ಪ ದೂರವಾಗಿದೆ. ನೀವು ಆ ಕಡೆ ಹೋದರೆ, ಪುಣೆಯವರ ಮಧ್ಯಾಹ್ನದ ನಿದ್ದೆಯ ಹೊತ್ತು ತಪ್ಪಿಸಿ, ಆ ಮರದ ಮೆಟ್ಟಿಲು ಹತ್ತಿ. ತಲೆ ಬಾಗಿಸಲು ಮರೆಯಬೇಡಿ. ಅಟ್ಟದ ಮೇಲಿನವರಿಗೆ, ಕೊಂಡುಹೋದ ಎರಡೂ ವಾಲ್ವ್ ಚೆನ್ನಾಗಿವೆ ಎಂದು ತಿಳಿಸಿ.