ಕುಂಬಾರ ಕಾಕಾನ ಜೋಡೆತ್ತು

ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಜಮಖಂಡಿಯ ಹೊಳೆಸಾಲಿನ ನಮ್ಮೂರಲ್ಲಿ ಆಗ ಯಾರೂ ಎತ್ತು ಕೊಳ್ಳಲು ಹೋಗುತ್ತಿರಲಿಲ್ಲ. ಎತ್ತೇ ಮನೆಗೆ ಬರುತ್ತಿದ್ದವು. ಕುಂಬಾರ ಕಾಕಾ ಬುಟ್ಟಿ ಹೊತ್ತು ಓಣಿ ತಿರುಗಿ, ಮನೆಗೊಂದು ಜೋಡಿ ಎತ್ತು, ಅವಕ್ಕೊಂದು ಪುಟ್ಟ ಗ್ವಾದಲಿ ಇಟ್ಟು ಹೋಗುತ್ತಿದ್ದ. ಎಷ್ಟಾತು ಅಂತ ಕೇಳಿದರೆ ಮುಖ ಸಣ್ಣದು ಮಾಡುತ್ತಿದ್ದ. ಮನೆಯವರು ಮರದ ತುಂಬ ಜೋಳ ತಂದು ಅವನ ಚೀಲಕ್ಕೆ ಸುರಿಯಬೇಕು, ಅಷ್ಟೇ.

ನಾನು ಹೇಳಹೊರಟಿದ್ದು ಯಾವ ವರ್ಷದ್ದೋ, ಸರಿಯಾಗಿ ನೆನಪಿಲ್ಲ. ಚಿಕ್ಕಪಡಸಲಗಿ ಬ್ಯಾರೇಜಿನ ಮಾತು ಕಟ್ಟೆ ಕಟ್ಟೆಯ ಮೇಲೆ ನಡೆದಿದ್ದ ಕಾಲ ಇರಬೇಕು. ಮಿರಗದ ಮಳೆ ಮಾತ್ರ ನೆನಪಿದೆ. ಜೋರೂ ಇಲ್ಲ, ಬಿಡುವುದೂ ಇಲ್ಲ. ಸುಡದ ಹಸಿಮಣ್ಣಿನ ಎತ್ತು ನೀರಿಗೆ ಸಿಕ್ಕರೆ ಕೆಸರೇ ಗತಿ. ಕಾಕಾ ತಾನು ತೊಯ್ದು ತೊಪ್ಪೆಯಾಗಿ, ಕಂಬಳಿಯನ್ನು ಬುಟ್ಟಿಗೆ ಹೊದಿಸಿಕೊಂಡು ಬಂದ. ಅವನಿಗೆ ಚಹಾ ಬಸಿಯಲ್ಲೇ ಆಗಬೇಕು, ಅದೂ ಬೆಲ್ಲದ್ದು. ಸಕ್ಕರೆ ಚಹಾ ಜಡ್ಡಿನವರಿಗೆ ಅನ್ನುತ್ತಿದ್ದ. ಮಹಾಲಿಂಗಪುರದ ಬೆಲ್ಲ ಪಕ್ಕದಲ್ಲೇ ಇರುವಾಗ ಅದೇನು ದೊಡ್ಡ ಬೇಡಿಕೆಯಲ್ಲ ಬಿಡಿ.

ಒಳಗೆ ಹೂರಣದ ಘಮ. ಆಯಿ ಕೈ ಒರೆಸಿಕೊಳ್ಳುತ್ತ ಬಂದು ಎತ್ತು ನೋಡಿದಳು. ಒಂದರ ಕೋಡು ಕಿವಿಯ ಮೇಲೆ ಬಾಗಿತ್ತು.

"ಏನೋ ತಮ್ಮಾ, ಈ ಕೋಡು ಮುರದಂಗ ಐತಲ್ಲ?"

ಕಾಕಾ ಬಸಿ ಕೆಳಗಿಡಲಿಲ್ಲ. "ಕೊಟ್ಟಗ್ಯಾಗ ಹೋಗಿ ನೋಡ್ರಿ ಅವ್ವಾರ, ನಿಮ್ಮ ಎಡಗಡಿ ಎತ್ತಿಂದು ಹ್ಯಾಂಗೈತಿ."

ಹುಡುಗರೆಲ್ಲ ಮಳೆಯಲ್ಲೇ ಓಡಿದೆವು. ಥೇಟ್ ಹಾಗೇ ಇತ್ತು! ವಾಪಸು ಬಂದು ಮಣ್ಣೆತ್ತನ್ನು ಹತ್ತಿರದಿಂದ ನೋಡಿದರೆ, ಕೋಡಿನ ಬುಡದಲ್ಲಿ ಹೆಬ್ಬೆರಳು ಒತ್ತಿದ ತಗ್ಗು, ಅದರಲ್ಲಿ ಬೆರಳಿನ ಗೆರೆ ಸಮೇತ. ಕಣ್ಣಿಗೆ ಗುಲಗಂಜಿ. ಈಗ ಸಂತೆಯಲ್ಲಿ ಸಿಗುವ ಅಚ್ಚಿನ ಬಣ್ಣದೆತ್ತುಗಳು ಚಂದವೇ, ಆದರೆ ಎಲ್ಲರ ಮನೆಗೂ ಒಂದೇ ಎತ್ತು.

ಆಯಿ ಮಾತಾಡದೆ ಒಳಗೆ ಹೋಗಿ, ಮರಕ್ಕೆ ಇನ್ನೊಂದು ಸೇರು ಜೋಳ ಹಾಕಿ, ಎತ್ತಿಗೆ ಎಡೆ ಆಗುವ ಮೊದಲೇ ಎರಡು ಕರಿಗಡುಬು ಅವನ ಕೈಗಿಟ್ಟಳು. ಮಡಿಯ ವಿಷಯದಲ್ಲಿ ನಮ್ಮನ್ನು ಅಡುಗೆಮನೆಯ ಹೊಸ್ತಿಲು ದಾಟಗೊಡದ ಹೆಂಗಸು! ಮರುದಿನ ಕುಂಟೆತ್ತಿನ ಆಟಕ್ಕೆಂದು ಅಣ್ಣ ಅದೇ ಎತ್ತಿನ ಕಾಲು ಮುರಿಯಲು ಹೋಗಿ ಬೈಸಿಕೊಂಡ. ಓಣಿಯಲ್ಲಿ ಕಾಳು ಬೇಡಲು ಬೇರೆ ಎತ್ತು ಹುಡುಕಬೇಕಾಯಿತು.

1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ದುಡಿದು, ಕೃಷ್ಣೆಗೆ ಆ ಬ್ಯಾರೇಜು ಕಟ್ಟಿದರು. ಬೇಸಿಗೆಯಲ್ಲೂ ನೀರು ನಿಂತಿತು. ಜೋಳದ ಹೊಲಕ್ಕೆ ಕಬ್ಬು ಬಂತು, ಬರಬರುತ್ತ ಕೊಟ್ಟಿಗೆಗೆ ಟ್ರ್ಯಾಕ್ಟರ್ ಬಂತು. ನಮ್ಮ ಜೋಡಿಯನ್ನೂ ಮಾರಿದೆವು.

ಅದಾದ ಮೇಲಿನ ಅಮಾವಾಸ್ಯೆಗೂ ಕಾಕಾ ಬಂದ. ಖಾಲಿ ಕೊಟ್ಟಿಗೆ ಕಡೆ ನೋಡಿ ನಕ್ಕ. "ಬರೂ ವರ್ಷ ಟ್ರ್ಯಾಕ್ಟರ್ ಮಾಡ್ಕೊಂಡ ಬರ್ಲೇನ್ರಿ ಅವ್ವಾರ?"

"ಗ್ವಾದಲ್ಯಾಗ ಡೀಸೆಲ್ ಹಾಕ್ಲೇನು? ಆ ಸೊಟ್ಟ ಕೋಡಿಂದ ತಾ, ಸಾಕು" ಅಂದಳು ಆಯಿ. ಅವತ್ತು ಅವನ ಚೀಲಕ್ಕೆ ಸುರಿದ ಜೋಳವನ್ನು ಸಂತೆಯಲ್ಲಿ ಕೊಂಡು ತಂದಿದ್ದೆವು.